ಬಣ್ಣದಡಿಯ ತುಕ್ಕು

ಮುಚ್ಚುವುದು ಪುಣ್ಯವೋ ಪಾಪವೋ?

ಈ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳುವುದು ಕಷ್ಟ. ತನ್ನ ಸಹೋದರನ ಕುಂದನ್ನು ಮುಚ್ಚಿಟ್ಟವನ ಕುಂದನ್ನು ಅಂತಿಮ ದಿನದಂದು ಅಲ್ಲಾಹನು ಮುಚ್ಚುವನೆಂಬ ಶುಭವಾರ್ತೆಯನ್ನು ನಾವೆಲ್ಲರೂ ಜುಮಾ ಖುತ್ಬಾಗಳಲ್ಲಿ ಮತ್ತೆ ಮತ್ತೆ ಕೇಳಿದ್ದೇವೆ. ಅದನ್ನು ತಿಳಿಸಿದ ಪ್ರವಾದಿವರ್ಯರೇ(ಸ) ಮಾರಾಟದ ಸರಕಿನ ಕುಂದನ್ನು ಮುಚ್ಚಿಟ್ಟವನ ವಿಷಯದಲ್ಲಿ ಬಹಳ ಕಟುವಾಗಿ ಮಾತನಾಡಿದ್ದಾರೆ. ಒಂದೆಡೆ ಮುಚ್ಚುವುದು ಸತ್ಕರ್ಮ, ಇನ್ನೊಂದೆಡೆ ಅದೇ ಕೆಲಸ ವಂಚನೆ. ಇವೆರಡರ ನಡುವಿನ ಗೆರೆ ಎಲ್ಲಿದೆ? ಮನುಷ್ಯನಿಗೊಂದು ನ್ಯಾಯ, ಸರಕಿಗೊಂದು ನ್ಯಾಯ ಎಂದು ಹೇಳಿ ಸುಮ್ಮನಾಗಬಹುದೇ? ಅಥವಾ ಎರಡರ ಹಿಂದೆಯೂ ಒಂದೇ ನ್ಯಾಯ ಕೆಲಸ ಮಾಡುತ್ತಿದೆಯೇ?

ಈ ಚರ್ಚೆಯನ್ನು ಕಿತಾಬುಗಳ ಪುಟಗಳಲ್ಲಿ ಮಾತ್ರ ನಡೆಸುವುದಕ್ಕಿಂತ ದಕ್ಷಿಣ ಬೆಂಗಳೂರಿನ ಯಾವುದಾದರೊಂದು ಟಿಂಕರಿಂಗ್ ಶೆಡ್ಡಿನೆದುರು ನಿಂತು ನಡೆಸುವುದು ಲೇಸೆಂದು ನನಗೆ ತೋರುತ್ತದೆ. ತಿಲಕ್ ನಗರ, ಗುರಪ್ಪನಪಾಳ್ಯ, ಇಲಿಯಾಸ್ ನಗರ, ಯಾರಬ್ ನಗರ - ಜಯನಗರ, ಬಿ.ಟಿ.ಎಂ. ಲೇಔಟ್, ಜೆ.ಪಿ. ನಗರ, ಬನಶಂಕರಿಗಳ ಮಗ್ಗುಲಲ್ಲೇ ಇರುವ ಈ ಮೊಹಲ್ಲಾಗಳಲ್ಲಿ ಗ್ಯಾರೇಜ್ ಕೆಲಸವನ್ನೇ ನಂಬಿ ಬದುಕುವ ನಮ್ಮ ಕುಟುಂಬಗಳು ಅನೇಕ. ಮನೆಗೊಬ್ಬ ಟಿಂಕರನೋ ಪೇಂಟರನೋ ಮೆಕ್ಯಾನಿಕನೋ ಇರುವ ಗಲ್ಲಿಗಳೂ ಇವೆ. ಮದ್ರಸದಲ್ಲಿ ಕಲಿಸುವವನನ್ನೂ ಗ್ಯಾರೇಜಿನಲ್ಲಿ ಕಲಿಸುವವನನ್ನೂ ಜನರು ಉಸ್ತಾದ್ ಎಂಬ ಒಂದೇ ಹೆಸರಿನಿಂದ ಕರೆಯುತ್ತಾರೆ. ಇದನ್ನು ನಾನು ಗೌರವವೆಂದೇ ಬಗೆದಿದ್ದೇನೆ. ನನ್ನ ಮುಂದೆ ಕುಳಿತು ಅಲಿಫ್ ಬಾ ಕಲಿತ ಹುಡುಗರಲ್ಲಿ ಕೆಲವರು ಮುಂದೆ ಆ ಉಸ್ತಾದರ ಶಿಷ್ಯರಾಗುತ್ತಾರೆ.

ಅಂಥ ಒಬ್ಬ ಹುಡುಗ ಒಂದು ದಿನ ಅಸರ್ ನಮಾಝಿನ ಬಳಿಕ ನನ್ನ ಬಳಿ ಬಂದು ಕುಳಿತ. "ಹಝ್ರತ್, ಬಾಗಿಲ ಕೆಳಗೆ ತುಕ್ಕು ಹಿಡಿದ ಗಾಡಿ ಬರುತ್ತೆ. ಮಾರೋದಿದೆ, ಬೇಗ ಬಣ್ಣ ಹೊಡೆದುಕೊಡಿ ಅಂತಾರೆ. ತುಕ್ಕು ಪೂರ್ತಿ ತೆಗೆಯೋಕೆ ಹೊತ್ತಿಲ್ಲ, ಮೇಲೆ ಪುಟ್ಟಿ ಎಳೆದು ಹೊಡಿ ಅಂತ ನಮ್ಮ ಓನರ್ ಹೇಳ್ತಾರೆ. ಮಾರೋನು ನಾನಲ್ಲ. ಕೊಳ್ಳೋನ ಮುಖ ಕೂಡ ನಾನು ನೋಡಲ್ಲ. ಪಾಪ ಯಾರದು?" ಎಂದು ಕೇಳಿದ.

ಹದಿನೇಳು ವರ್ಷದ ಹುಡುಗ ಕೇಳಿದ ಈ ಪ್ರಶ್ನೆ ಸಣ್ಣದಲ್ಲ. ಇದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಆ ಕೆಲಸವೇನೆಂದು ನಾವು ತಿಳಿಯಬೇಕು. ಸರಕಿನಲ್ಲಿ ಯಾವುದು ಕುಂದು, ಯಾವುದು ಅಲ್ಲ ಎಂಬ ಪ್ರಶ್ನೆ ಬಂದಾಗ ಫಿಕ್ಹ್ ವಿದ್ವಾಂಸರು ಆ ವ್ಯಾಪಾರದವರ ರೂಢಿಯನ್ನೇ ಅಳತೆಗೋಲಾಗಿ ಇಟ್ಟುಕೊಂಡರು. ಅವರ ದೃಷ್ಟಿಯಲ್ಲಿ ಬೆಲೆ ತಗ್ಗಿಸುವಂಥದ್ದು ಕುಂದು. ಆದ್ದರಿಂದ ನಾನೂ ಪೇಂಟರುಗಳನ್ನು ಕೇಳಿ ತಿಳಿದುಕೊಂಡೆ. ಅದನ್ನು ತುಸು ವಿವರವಾಗಿಯೇ ಹೇಳುತ್ತೇನೆ, ಬೇಸರಿಸಬಾರದು.

ಕನ್ನಡದಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ನಮ್ಮ ಹಿರಿಯರು ಇವೆರಡನ್ನು ಬೇರೆಯಾಗಿಟ್ಟದ್ದು ಸುಮ್ಮನಲ್ಲ. ಅಡುಗೆಯ ಪಾತ್ರೆಯಲ್ಲಿ ಕಿಲುಬು ವಿಷವೇ ಸರಿ, ಆದರೆ ತಾಮ್ರದ ಹೊರಮೈಗೆ ಅದು ಬಿಗಿಯಾಗಿ ಅಂಟಿಕೊಂಡು ಅಡಿಯ ಲೋಹವನ್ನು ಬಹುಮಟ್ಟಿಗೆ ಕಾಯುತ್ತದೆ. ತುಕ್ಕು ಹಾಗಲ್ಲ. ಕಬ್ಬಿಣ, ನೀರು, ಗಾಳಿಯ ಆಮ್ಲಜನಕ ಮೂರೂ ಕೂಡಿ ಹುಟ್ಟುವ ಆ ಕಂದು ಪದರ ಸಡಿಲವಾದುದು, ಸೂಕ್ಷ್ಮ ರಂಧ್ರಗಳಿಂದ ತುಂಬಿರುವುದು. ತೇವವನ್ನು ಅದು ತನ್ನೊಳಗೆ ಹಿಡಿದಿಟ್ಟುಕೊಂಡು ಅಡಿಯ ಕಬ್ಬಿಣಕ್ಕೆ ದಾಟಿಸುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನೂ ಬೇಡುತ್ತದೆ. ಬಣ್ಣದಡಿಯಲ್ಲಿ ತುಕ್ಕು ಉಳಿದರೆ ಕೆಲವು ತಿಂಗಳಲ್ಲಿ ಬಣ್ಣವು ಗುಳ್ಳೆ ಏಳುವುದು ಈ ಕಾರಣದಿಂದ. ಗುಳ್ಳೆ ಒಡೆದಾಗ ಒಳಗೆ ಕಾಣುವುದು ಹಳೆಯ ತುಕ್ಕು ಮಾತ್ರವಲ್ಲ, ಬಣ್ಣ ಬಳಿದ ಮೇಲೆ ಬೆಳೆದ ತುಕ್ಕು ಕೂಡ.

ಬೆಂಗಳೂರಿಗೆ ಮಂಗಳೂರಿನ ಉಪ್ಪುಗಾಳಿ ಇಲ್ಲ. ಮಳೆಯೂ ಕರಾವಳಿಯ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಆದರೂ ಇಲ್ಲಿನ ವಾಹನಗಳು ತುಕ್ಕು ಹಿಡಿಯುತ್ತವೆ, ಅದಕ್ಕೆ ಇಲ್ಲಿಯದೇ ಕಾರಣಗಳಿವೆ. ಜಯನಗರದ ಮರಗಳ ನೆರಳು ಕಣ್ಣಿಗೆ ತಂಪು, ಆದರೆ ಅದರಡಿಯಲ್ಲಿ ವರ್ಷವಿಡೀ ನಿಲ್ಲುವ ಕಾರಿನ ಬಾನೆಟ್ಟಿನ ಸಂದಿಯಲ್ಲಿ ಎಲೆ, ಹೂ, ಕಡ್ಡಿಗಳು ಸೇರುತ್ತವೆ. ಪ್ರತಿ ಬಾಗಿಲಿನ ತಳದಲ್ಲಿ ನೀರು ಹರಿದುಹೋಗಲು ಸಣ್ಣ ತೂತುಗಳಿರುತ್ತವೆ, ಗಾಜಿನ ಮೇಲಿಂದ ಇಳಿದ ಮಳೆನೀರು ಬಾಗಿಲೊಳಗೆ ಹೋಗಿ ಅಲ್ಲಿಂದ ಹೊರಬೀಳುತ್ತದೆ. ಆ ತೂತುಗಳು ಮಣ್ಣು ಕಸದಿಂದ ಕಟ್ಟಿಕೊಂಡರೆ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗಿನ ಮಳೆಯ ನೀರು ಒಳಗೇ ನಿಲ್ಲುತ್ತದೆ. ಆಗ ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಹೊರಗೆ ಒಂದು ಕಾಳಿನಷ್ಟು ಕಂಡಿತೆಂದರೆ ಒಳಗೆ ಅಂಗೈಯಷ್ಟು ಇರಬಹುದು. ಟ್ರಾಫಿಕ್ಕಿನಲ್ಲಿ ಯಾರದೋ ಹ್ಯಾಂಡಲ್ ತಗುಲಿ ಆದ ಗೀರು ಮತ್ತೊಂದು ದಾರಿ. ಅಲ್ಲಿಂದ ತುಕ್ಕು ಬಣ್ಣದ ಕೆಳಗೆ ತೆವಳುತ್ತ ಸುತ್ತಲೂ ಹಬ್ಬುತ್ತದೆ.

ಇದರಲ್ಲಿ ಮೂರು ಹಂತಗಳಿವೆ. ಮೇಲೆ ಮಾತ್ರ ಹಿಡಿದ ತುಕ್ಕು ಮೊದಲನೆಯದು. ತಗಡನ್ನು ಚುಚ್ಚಿ ಗುಳಿ ಮಾಡಿದ್ದು ಎರಡನೆಯದು. ತಗಡೇ ತೂತಾದದ್ದು ಮೂರನೆಯದು. ಮೂರನೆಯದಕ್ಕೆ ಬಣ್ಣದ ಮಾತೇ ಇಲ್ಲ, ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯಬೇಕು. ಮೊದಲನೆಯದಕ್ಕೆ ಶುದ್ಧವಾದ, ಸುಲಭವಾದ ಚಿಕಿತ್ಸೆಯಿದೆ. ಹೊತ್ತು ಮತ್ತು ತೋಳಿನ ಬಲ ಬೇಕು, ಅಷ್ಟೇ.

ಮೊದಲು ಸೋಪಿನ ನೀರಿನಿಂದ ತೊಳೆದು ಒಣಗಿಸಿ, ಥಿನ್ನರ್ ಬಟ್ಟೆಯಿಂದ ಎಣ್ಣೆ ಜಿಡ್ಡನ್ನು ಒರೆಸಬೇಕು. ಒರೆಸದೆ ತಿಕ್ಕಿದರೆ ಜಿಡ್ಡನ್ನೇ ತಗಡಿಗೆ ಉಜ್ಜಿದಂತಾಗುತ್ತದೆ. ಅನಂತರ ತಂತಿಯ ಬ್ರಶ್ಶಿನಿಂದಲೋ 80ನೇ ನಂಬರಿನ ಎಮರಿ ಕಾಗದದಿಂದಲೋ ಕಂದು ಪೂರ್ತಿ ಹೋಗಿ ಬೆಳ್ಳಗೆ ಹೊಳೆಯುವ ತಗಡು ಕಾಣುವ ತನಕ ತಿಕ್ಕಬೇಕು. ತುಕ್ಕು ಕಂಡಷ್ಟೇ ಜಾಗ ಸಾಲದು. ಅದರ ಸುತ್ತ ಒಂದೆರಡು ಅಂಗುಲ ಒಳ್ಳೆಯ ಬಣ್ಣವನ್ನೂ ತೆಗೆಯಬೇಕು, ಯಾಕೆಂದರೆ ತುಕ್ಕಿನ ಬೇರು ಕಣ್ಣಿಗಿಂತ ಮುಂದೆ ಹೋಗಿರುತ್ತದೆ. ಆಮೇಲೆ 180, 320 ಎಂದು ನಯವಾದ ಕಾಗದಗಳಿಗೆ ಇಳಿಯುತ್ತ ಹಳೆಯ ಬಣ್ಣದ ಅಂಚನ್ನು ಸವೆಸಬೇಕು. ಕಣ್ಣು ಮುಚ್ಚಿ ಬೆರಳಾಡಿಸಿದರೆ ಮೆಟ್ಟಿಲು ತಗುಲಬಾರದೆಂಬುದು ಲೆಕ್ಕ. ಗುಳಿಗಳೊಳಗೆ ಕಪ್ಪು ಚುಕ್ಕೆಗಳು ಉಳಿದರೆ ಎಮರಿ ಅಲ್ಲಿಗೆ ಮುಟ್ಟುವುದಿಲ್ಲ. ಅದಕ್ಕೆ ಫಾಸ್ಫಾರಿಕ್ ಆಮ್ಲವೋ ಟ್ಯಾನಿಕ್ ಆಮ್ಲವೋ ಇರುವ ದ್ರಾವಣ ಹಚ್ಚುತ್ತಾರೆ. ಉಳಿದ ತೆಳ್ಳನೆಯ ತುಕ್ಕನ್ನು ಅದು ಗಟ್ಟಿಯಾದ ಬೇರೊಂದು ಪದರವಾಗಿ ಬದಲಿಸುತ್ತದೆ. ಹಕ್ಕಳೆಯೇಳುವ ದಪ್ಪ ತುಕ್ಕಿನ ಮೇಲೆ ಹಚ್ಚಿದರೆ ಪ್ರಯೋಜನವಿಲ್ಲ.

ಇಷ್ಟಾದ ಮೇಲೆ ಬರಿಯ ತಗಡನ್ನು ಬೆವರುಗೈಯಿಂದ ಮುಟ್ಟಬಾರದು, ಬೆವರಿನಲ್ಲಿ ಉಪ್ಪಿದೆ. ರಾತ್ರಿಯಿಡೀ ಹಾಗೆಯೇ ಬಿಡಲೂಬಾರದು. ಮಳೆಗಾಲದ ಒಂದು ರಾತ್ರಿ ಸಾಕು, ಬೆಳಗಾಗುವಾಗ ತಗಡಿನ ಮೇಲೆ ಅರಿಸಿನದ ಛಾಯೆ ಹಬ್ಬಿರುತ್ತದೆ, ಮತ್ತೆ ಮೊದಲಿನಿಂದ ತಿಕ್ಕಬೇಕು. ಅದೇ ದಿನ ಪ್ರೈಮರ್ ಬೀಳಬೇಕು. ತೇವ ತಡೆಯಲು ಎಪಾಕ್ಸಿ ಪ್ರೈಮರ್ ಉತ್ತಮ. ಪುಟ್ಟಿಯನ್ನು ತಗ್ಗು ತುಂಬುವಷ್ಟು ಮಾತ್ರ, ತೆಳ್ಳಗೆ ಎಳೆಯಬೇಕು, ಪುಟ್ಟಿ ನೀರು ಕುಡಿಯುವ ವಸ್ತು. ಮತ್ತೆ ತಿಕ್ಕುವುದು, ಮತ್ತೆ ಪ್ರೈಮರ್, ಕೊನೆಗೆ ಬಣ್ಣ.

ಓದುಗರೇ, ಈ ಕೆಲಸದಲ್ಲಿ ಗಿರಾಕಿಯ ಕಣ್ಣಿಗೆ ಬೀಳುವುದೆಷ್ಟು? ಕೊನೆಯ ಪದರ ಮಾತ್ರ. ಹೆಚ್ಚಿನ ಬೆವರು ಸುರಿಯುವುದು ಯಾರೂ ನೋಡದ ಪದರಗಳಿಗಾಗಿ. ತುಕ್ಕಿನ ಮೇಲೆಯೇ ಪುಟ್ಟಿ ಎಳೆದು ಬಣ್ಣ ಹೊಡೆದ ಗಾಡಿ, ತುಕ್ಕು ತೆಗೆದು ಹೊಡೆದ ಗಾಡಿ ಎರಡೂ ಶೆಡ್ಡಿನಿಂದ ಹೊರಬೀಳುವ ದಿನ ಒಂದೇ ರೀತಿ ಹೊಳೆಯುತ್ತವೆ. ವ್ಯತ್ಯಾಸ ಗೊತ್ತಿರುವುದು ಇಬ್ಬರಿಗೇ, ಎಮರಿ ಕಾಗದ ಹಿಡಿದವನಿಗೆ ಮತ್ತು ಅಲ್ಲಾಹನಿಗೆ. ಪ್ರವಾದಿ ದಾವೂದ್(ಅ)ರಿಗೆ ಕಬ್ಬಿಣವನ್ನು ಮೆದುವಾಗಿಸಿಕೊಟ್ಟ ಅಲ್ಲಾಹನು ಕವಚ ಮಾಡಲು ಹೇಳಿದಾಗ ಅದರ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಬೇಕೆಂದೂ ಆಜ್ಞಾಪಿಸಿದನೆಂದು ಸಬಅ್ ಅಧ್ಯಾಯದಲ್ಲಿದೆ. ಕವಚದ ಕೊಂಡಿ ಎಷ್ಟು ಗಟ್ಟಿಯೆಂದು ಅಂಗಡಿಯಲ್ಲಿ ತಿಳಿಯುವುದಿಲ್ಲ. ಯುದ್ಧಭೂಮಿಯಲ್ಲಿ, ತೊಟ್ಟವನ ಎದೆಗೆ ತಿಳಿಯುತ್ತದೆ.

ಈಗ ಆ ಹುಡುಗನ ಪ್ರಶ್ನೆಗೆ ಬರೋಣ.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿದ ಘಟನೆಯನ್ನು ನೀವು ಬಲ್ಲಿರಿ. ಮಳೆಯಲ್ಲಿ ನೆನೆಯಿತೆಂದು ವ್ಯಾಪಾರಿ ಹೇಳಿದ. ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಪ್ರವಾದಿವರ್ಯರು(ಸ) ಕೇಳಿದರು, ವಂಚಿಸುವವನು ತಮ್ಮವನಲ್ಲವೆಂದರು. ಸಹೀಹ್ ಮುಸ್ಲಿಮಿನ ಈ ಹದೀಸನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ, ಆದರೆ ಅದರ ಒಂದು ಅಂಶವನ್ನು ಗಮನಿಸುವುದು ಕಡಿಮೆ. ಮಳೆ ಸುರಿದದ್ದು ಆ ವ್ಯಾಪಾರಿಯ ತಪ್ಪಲ್ಲ. ಅದಕ್ಕಾಗಿ ಅವನನ್ನು ಯಾರೂ ಗದರಿಸಲಿಲ್ಲ. ಒದ್ದೆ ಧಾನ್ಯವನ್ನು ಮಾರಲೇಬಾರದೆಂದೂ ಹೇಳಲಿಲ್ಲ. ಅವನ ಅಪರಾಧವಿದ್ದದ್ದು ಒದ್ದೆಯಲ್ಲಲ್ಲ, ಒದ್ದೆಯನ್ನು ಇಟ್ಟ ಜಾಗದಲ್ಲಿ. ಹಾಗೆಯೇ ನಿಮ್ಮ ಕಾರಿಗೆ ತುಕ್ಕು ಹಿಡಿದದ್ದು ಅವಮಾನವಲ್ಲ. ತುಕ್ಕು ಹಿಡಿದ ಕಾರನ್ನು ಮಾರುವುದೂ ನಿಷಿದ್ಧವಲ್ಲ. ತುಕ್ಕು ಮೇಲೆ ಕಾಣಲಿ ಅಥವಾ ಬಾಯಲ್ಲಿ ಬರಲಿ, ಅಷ್ಟೇ ಕೇಳಿರುವುದು.

"ನಾನು ಸುಳ್ಳು ಹೇಳಲಿಲ್ಲವಲ್ಲ, ಅವನು ಕೇಳಲೂ ಇಲ್ಲ" ಎನ್ನುವವರಿದ್ದಾರೆ. ಇದಕ್ಕೆ ಉತ್ತರ ಹಾಲು ಕರೆಯುವ ಜಾನುವಾರುಗಳ ಹದೀಸಿನಲ್ಲಿದೆ. ಅರಬರಲ್ಲಿ ಕೆಲವರು ಒಂಟೆಯನ್ನೋ ಆಡನ್ನೋ ಮಾರುವ ಮೊದಲು ಕೆಲವು ದಿನ ಹಾಲು ಕರೆಯದೆ ಬಿಡುತ್ತಿದ್ದರು. ಕೆಚ್ಚಲು ತುಂಬಿ ಬಿಗಿದು, ನೋಡಿದವನಿಗೆ ದಂಡಿಯಾಗಿ ಹಾಲು ಕೊಡುವ ಪ್ರಾಣಿಯೆಂದು ತೋರುತ್ತಿತ್ತು. ಮಾರುವವನು ಒಂದು ಸುಳ್ಳನ್ನೂ ಆಡುತ್ತಿರಲಿಲ್ಲ, ಕೆಚ್ಚಲೇ ಅವನ ಪರವಾಗಿ ಸುಳ್ಳಾಡುತ್ತಿತ್ತು. ಇದನ್ನು ಪ್ರವಾದಿವರ್ಯರು(ಸ) ನಿಷೇಧಿಸಿದರು, ಮೋಸಹೋದವನಿಗೆ ಪ್ರಾಣಿಯನ್ನು ಒಂದು ಸಾಅ್ ಖರ್ಜೂರದೊಂದಿಗೆ ಹಿಂದಿರುಗಿಸುವ ಹಕ್ಕನ್ನು ಕೊಟ್ಟರು. ಕರಾವಳಿಯ ನಮ್ಮ ಶಾಫಿಈ ಸಹೋದರರಲ್ಲಿ ಈ ಹಕ್ಕು ಹದೀಸಿನ ನೇರ ಅರ್ಥದಂತೆಯೇ ಇದೆ. ಬೆಂಗಳೂರಿನವರು ಹೆಚ್ಚಾಗಿ ಅನುಸರಿಸುವ ಇಮಾಂ ಅಬೂ ಹನೀಫಾ(ರಹ್)ರ ಪ್ರಕಾರ ಈ ಒಂದೇ ಕಾರಣಕ್ಕೆ ಪ್ರಾಣಿಯನ್ನು ಹಿಂದಿರುಗಿಸಲಾಗದು. ಆದರೆ ಭಿನ್ನಾಭಿಪ್ರಾಯವಿರುವುದು ಪರಿಹಾರ ಹೇಗೆಂಬುದರಲ್ಲಿ. ಕೃತ್ಯವು ಹರಾಮ್ ಎಂಬುದರಲ್ಲಿ ಇಲ್ಲ. ತುಕ್ಕಿನ ಮೇಲೆ ಹೊಳೆಯುವ ಹೊಸ ಬಣ್ಣವು ಬಿಗಿದ ಕೆಚ್ಚಲಿನಂತೆಯೇ ಬಾಯಿಲ್ಲದೆ ಮಾತನಾಡುತ್ತದೆ.

ನಮ್ಮ ದೇಶದ ಕಾನೂನು ಕೂಡ ಇಲ್ಲಿ ಒಂದು ಗೆರೆ ಎಳೆದಿದೆ. 1872ರ ಕರಾರು ಕಾಯ್ದೆಯ 17ನೆಯ ಕಲಮಿನಂತೆ ಗೊತ್ತಿರುವ ಸಂಗತಿಯನ್ನು ಉದ್ದೇಶಪೂರ್ವಕ ಕೃತ್ಯದಿಂದ ಮರೆಮಾಚುವುದು ವಂಚನೆ. ಆದರೆ ಬರಿಯ ಮೌನ ಸಾಮಾನ್ಯವಾಗಿ ವಂಚನೆಯಲ್ಲ. ಅದಕ್ಕೆ ಕಾಯ್ದೆಯೇ ಕೊಟ್ಟಿರುವ ಉದಾಹರಣೆಯಲ್ಲಿ, ರೋಗವಿರುವ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಏನೂ ಹೇಳದೆ ಸುಮ್ಮನಿದ್ದರೆ ಅದು ವಂಚನೆಯಾಗದು. ಅಂದರೆ ತುಕ್ಕು ಕಂಡು ಸುಮ್ಮನಿರುವವನು ಕಾನೂನಿನ ಕೈಯಿಂದ ತಪ್ಪಿಸಿಕೊಳ್ಳಬಹುದು, ತುಕ್ಕಿನ ಮೇಲೆ ಬಣ್ಣ ಬಳಿದು ಮಾರುವವನು ಕಾನೂನಿಗೂ ಸಿಕ್ಕಿಬೀಳಬಹುದು. ಸತ್ಯವಿಶ್ವಾಸಿಗೆ ಇವೆರಡರಲ್ಲಿ ಒಂದು ಬಾಗಿಲೂ ತೆರೆದಿಲ್ಲ.

ಸರಿ, ಇದು ಮಾರುವವನ ಮಾತಾಯಿತು. ಪೇಂಟರ್ ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ. ಅವನಿಗೇನು?

ಇಮಾಂ ಗಝ್ಝಾಲಿ(ರಹ್)ಯವರು ಇಹ್ಯಾದಲ್ಲಿ ಒಂದು ಪ್ರಸಂಗವನ್ನು ಹೇಳಿದ್ದಾರೆ. ಒಬ್ಬನು 300 ದಿರ್ಹಮಿಗೆ ಒಂಟೆಯೊಂದನ್ನು ಮಾರುತ್ತಿದ್ದ ಕಡೆ ಪ್ರವಾದಿ ಸಂಗಾತಿ ವಾಸಿಲಾ ಬಿನ್ ಅಸ್ಕಅ್(ರ) ನಿಂತಿದ್ದರು. ವ್ಯವಹಾರ ನಡೆದದ್ದು ಅವರ ಗಮನಕ್ಕೆ ಬರಲಿಲ್ಲ. ಕೊಂಡವನು ಒಂಟೆಯನ್ನು ಹೊಡೆದುಕೊಂಡು ಹೋದ ಮೇಲೆ ಅವರು ಅವನ ಹಿಂದೆ ಓಡಿ ಕೂಗಿದರು. ಇದನ್ನು ಮಾಂಸಕ್ಕೆ ಕೊಂಡದ್ದೋ ಸವಾರಿಗೋ ಎಂದು ಕೇಳಿದರು. ಸವಾರಿಗೆಂದು ಉತ್ತರ ಬಂದಾಗ, ಅದರ ಗೊರಸಿನಲ್ಲಿ ತೂತಿರುವುದನ್ನು ತಾವು ಕಂಡಿರುವುದಾಗಿಯೂ ದೀರ್ಘ ಪ್ರಯಾಣಕ್ಕೆ ಅದು ತಾಳದೆಂದೂ ತಿಳಿಸಿದರು. ಕೊಂಡವನು ತಿರುಗಿ ಬಂದ, ಮಾರಿದವನು 100 ದಿರ್ಹಮ್ ಇಳಿಸಬೇಕಾಯಿತು. ನನ್ನ ವ್ಯಾಪಾರವನ್ನು ಕೆಡಿಸಿಬಿಟ್ಟಿರೆಂದು ಅವನು ದೂರಿದಾಗ ವಾಸಿಲಾ(ರ), ಪ್ರತಿಯೊಬ್ಬ ಮುಸ್ಲಿಮನ ಹಿತ ಬಯಸುವುದಾಗಿ ತಾವು ಪ್ರವಾದಿವರ್ಯರಿಗೆ(ಸ) ಪ್ರತಿಜ್ಞೆ ಕೊಟ್ಟಿರುವುದನ್ನು ಹೇಳಿದರು. ಕುಂದನ್ನು ತಿಳಿಸದೆ ಮಾರುವುದು ಹೇಗೆ ಸಮ್ಮತವಲ್ಲವೋ, ಹಾಗೆಯೇ ಅದನ್ನು ಬಲ್ಲವನು ತಿಳಿಸದಿರುವುದೂ ಸಮ್ಮತವಲ್ಲವೆಂಬ ಪ್ರವಾದಿ ವಚನವನ್ನೂ ನೆನಪಿಸಿದರು.

ಇಲ್ಲಿ ವಾಸಿಲಾ(ರ) ಒಂಟೆಯ ಒಡೆಯರಲ್ಲ, ದಲ್ಲಾಳಿಯೂ ಅಲ್ಲ. ಗೊರಸನ್ನು ನೋಡಿದವರು, ಅಷ್ಟೇ. ತಿಳಿದದ್ದೇ ಅವರನ್ನು ಬಾಧ್ಯಸ್ಥರನ್ನಾಗಿ ಮಾಡಿತು. ಗೊರಸಿನ ತೂತನ್ನು ಅವರು ತುಂಬಿರಲಿಲ್ಲ, ಬಾಗಿಲಿನ ತೂತನ್ನು ಪುಟ್ಟಿಯಿಂದ ತುಂಬುವವನೋ ತನ್ನ ಕೈಯಿಂದಲೇ ತುಂಬುತ್ತಾನೆ. ಹಾಗಿರುವಾಗ "ಮಾರುವವನು ನಾನಲ್ಲ" ಎಂಬ ಮಾತು ಅವನನ್ನು ಪೂರ್ತಿಯಾಗಿ ಬಿಡಿಸಲಾರದು.

ಆದರೂ ಆ ಹುಡುಗನನ್ನೂ ಅವನ ಓನರನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೆಡುಕನ್ನು ಕೈಯಿಂದ ತಡೆಯಬೇಕು, ಆಗದಿದ್ದರೆ ನಾಲಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಿಂದ ಅದನ್ನು ದ್ವೇಷಿಸಬೇಕೆಂಬ ಬೋಧನೆಯಲ್ಲಿ ಶಕ್ತಿಗೆ ತಕ್ಕ ಮೆಟ್ಟಿಲುಗಳಿವೆ. ದಿನಗೂಲಿಯ ಹುಡುಗ ಕೊಳ್ಳುವವನನ್ನು ಹುಡುಕಿಕೊಂಡು ಓಡಲಾರ. "ಮಾರುವ ಗಾಡಿಯ ತುಕ್ಕು ಮುಚ್ಚುವ ಕೆಲಸ ನನಗೆ ಬೇಡ, ಬೇರೆ ಗಾಡಿ ಕೊಡಿ" ಎಂದು ತನ್ನ ಉಸ್ತಾದರಿಗೆ ಹೇಳಬಲ್ಲ. ಗಿರಾಕಿ ಮುಂದೆ ನಿಂತಾಗ "ಅಣ್ಣಾ, ಒಳಗೆ ತುಕ್ಕಿದೆ, ತೆಗೆಯದೆ ಹೊಡೆದರೆ ನಿಲ್ಲಲ್ಲ" ಎಂದು ಹೇಳಬಲ್ಲ. ಯಾರಾದರೂ ಕೇಳಿದರೆ ಇದ್ದದ್ದನ್ನು ಹೇಳಬಲ್ಲ. ಇದಕ್ಕಿಂತ ಹೆಚ್ಚಿನದನ್ನು ಅವನಿಂದ ಕೇಳುವ ನಾವು, ಅವನಿಗೆ ಕೆಲಸ ಹೋದರೆ ಮತ್ತೊಂದು ಕೆಲಸ ಕೊಡಿಸಲು ಸಿದ್ಧರಿದ್ದೇವೆಯೇ ಎಂದೂ ಕೇಳಿಕೊಳ್ಳಬೇಕು. ಗ್ಯಾರೇಜಿನ ಯಜಮಾನನಿಗೆ ಈ ರಿಯಾಯಿತಿ ಇಲ್ಲ. ಹೊತ್ತಿಲ್ಲವೆಂದು ಹೇಳುವವನು ಅವನು, ಹಣ ಎಣಿಸಿಕೊಳ್ಳುವವನೂ ಅವನೇ.

ಇಲ್ಲಿ ಇನ್ನೊಂದು ಮಾತನ್ನು ಬೇರ್ಪಡಿಸಿ ಹೇಳಬೇಕು. ಅಗ್ಗದ ಕೆಲಸವೆಲ್ಲ ವಂಚನೆಯಲ್ಲ. 2018ರ ತಿದ್ದುಪಡಿಯ ಪ್ರಕಾರ ಬಾಡಿಗೆ ವಾಹನಗಳು ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್.ಸಿ. ಮಾಡಿಸಬೇಕು. ಎಫ್.ಸಿ. ಹತ್ತಿರ ಬಂದಾಗ ಆಟೋ ಚಾಲಕನೊಬ್ಬ ಬರುತ್ತಾನೆ. ಅವನ ಗಾಡಿ ಅವನ ಹೊಟ್ಟೆಪಾಡು, ಎರಡು ದಿನ ಶೆಡ್ಡಿನಲ್ಲಿ ನಿಂತರೆ ಎರಡು ದಿನದ ಸಂಪಾದನೆ ಇಲ್ಲ. ತುಕ್ಕು ಇದೆಯೆಂದು ಅವನಿಗೆ ಗೊತ್ತು, ಪೂರ್ತಿ ತೆಗೆಸಲು ದುಡ್ಡಿಲ್ಲ, ಗಾಡಿಯನ್ನು ಮಾರುತ್ತಲೂ ಇಲ್ಲ. ಮುಂದಿನ ಮಳೆಗೆ ಮತ್ತೆ ಏಳುತ್ತದೆಂದು ಹೇಳಿ, ಅದಕ್ಕೆ ತಕ್ಕ ಕೂಲಿಯನ್ನಷ್ಟೇ ಪಡೆದು ಬಣ್ಣ ಹೊಡೆದುಕೊಟ್ಟ ಪೇಂಟರನನ್ನು ನಾನು ದೂಷಿಸಲಾರೆ. ಆದರೆ ತುಕ್ಕು ಹಿಡಿದದ್ದು ಪ್ರಯಾಣಿಕರು ಕಾಲಿಡುವ ತಳದ ತಗಡಾಗಿದ್ದರೆ, ಚಾಸಿಯಾಗಿದ್ದರೆ, ಅಲ್ಲಿ ಬಡತನದ ನೆವವೂ ನಡೆಯದು. ಅದು ಶಾಲೆಗೆ ಹೋಗುವ ಮಕ್ಕಳ ಪ್ರಾಣದ ಮೇಲೆ ಬಳಿದ ಬಣ್ಣ.

ಗಿರಾಕಿಗಳಾದ ನಮ್ಮ ಪಾಲೂ ಇದರಲ್ಲಿದೆ. ಪೇಂಟರನ ಕೂಲಿಯನ್ನು ಒಂದು ಪ್ಯಾನೆಲ್ಲಿಗೆ ಇಷ್ಟೆಂದು ಮಾತನಾಡುತ್ತೇವೆ. ತಿಕ್ಕಿದ ಗಂಟೆಗಳಿಗೆ ಅದರಲ್ಲಿ ಬೆಲೆಯಿಲ್ಲ, ಹೊಳಪಿಗೆ ಮಾತ್ರ ಬೆಲೆ. ಚೌಕಾಸಿ ಮಾಡಿ ಅರ್ಧಕ್ಕಿಳಿಸಿ, ಶುಕ್ರವಾರ ಮದುವೆಯಿದೆ ಗುರುವಾರವೇ ಬೇಕೆಂದು ಪಟ್ಟುಹಿಡಿದು, ಆಮೇಲೆ ಗುಳ್ಳೆ ಎದ್ದಾಗ ಈ ಜನಕ್ಕೆ ಈಮಾನ್ ಇಲ್ಲವೆಂದು ಬೈಯುತ್ತೇವೆ. ಕಾಣದ ಕೆಲಸಕ್ಕೆ ಹಣ ಕೊಡಲೊಲ್ಲದ ಗಿರಾಕಿಯೇ ಕಾಣದ ಕೆಲಸವನ್ನು ಬಿಟ್ಟುಬಿಡುವ ಕೆಲಸಗಾರನನ್ನು ತಯಾರಿಸುತ್ತಾನೆ. ಕಾರು ತಯಾರಿಸುವ ಕಾರ್ಖಾನೆಗಳಲ್ಲಿ ಇಡೀ ಬಾಡಿಯನ್ನೇ ಪ್ರೈಮರಿನ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಸಂದುಸಂದಿಗೂ ಲೇಪ ಹಿಡಿಸುತ್ತಾರೆ. ಆ ಲೇಪವನ್ನು ಕೊಳ್ಳುವ ಯಾರೂ ನೋಡುವುದಿಲ್ಲ, ಆದರೆ ಅದರ ಬೆಲೆಯನ್ನು ನಾವು ತಕರಾರಿಲ್ಲದೆ ಕೊಟ್ಟಿರುತ್ತೇವೆ. ಗಲ್ಲಿಯ ಪೇಂಟರನ ಮುಂದೆ ಮಾತ್ರ ನಮ್ಮ ನಾಲಗೆ ಉದ್ದವಾಗುತ್ತದೆ.

ಇನ್ನು ಆರಂಭದ ಪ್ರಶ್ನೆ. ಮನುಷ್ಯನ ಕುಂದನ್ನು ಮುಚ್ಚುವುದು ಪುಣ್ಯವಾದರೆ ತಗಡಿನ ಕುಂದನ್ನು ಮುಚ್ಚುವುದೇಕೆ ಪಾಪ?

ತಾಯಂದಿರು ಕಲಾಯಿಯನ್ನು ನೆನಪಿಸಿಕೊಳ್ಳಲಿ. ಹಿತ್ತಾಳೆಯ ದೇಗ್ಚಿಗೆ ಕಲಾಯಿ ಹಾಕುವುದೂ ಮುಚ್ಚುವುದೇ. ಆದರೆ ಕಲಾಯಿಯವನು ಮೊದಲು ಕಿಲುಬನ್ನು ಪೂರ್ತಿ ತಿಕ್ಕಿ ತೆಗೆಯುತ್ತಾನೆ, ಕಾಯಿಸುತ್ತಾನೆ, ನವಸಾಗರದ ಪುಡಿ ಹಾಕಿ ಮೈಯನ್ನು ಶುದ್ಧಗೊಳಿಸುತ್ತಾನೆ. ಆಮೇಲೆ ತವರ ಸವರುತ್ತಾನೆ. ಆ ಹೊದಿಕೆ ಮನೆಮಂದಿಯನ್ನು ವಿಷದಿಂದ ಕಾಪಾಡುತ್ತದೆ. ತುಕ್ಕು ತೆಗೆದು ಬಳಿದ ಬಣ್ಣವೂ ಹೀಗೆಯೇ ತಗಡನ್ನು ಕಾಯುತ್ತದೆ. ಹಾಗಾದರೆ ಮುಚ್ಚುವ ಕೈಯನ್ನು ನೋಡಿ ತೀರ್ಪು ಕೊಡಲಾಗದು. ಮುಚ್ಚಿದ್ದರ ಕೆಳಗೆ ಉಳಿದದ್ದು ಇನ್ನೂ ಯಾರನ್ನಾದರೂ ತಿನ್ನುತ್ತಿದೆಯೇ ಎಂದು ನೋಡಬೇಕು.

ಮನುಷ್ಯರ ವಿಷಯದಲ್ಲಿಯೂ ವಿದ್ವಾಂಸರು ಹೇಳಿದ್ದು ಇದನ್ನೇ. ಹಿಂದೆ ನಡೆದು ಮುಗಿದುಹೋದ, ಬೇರೆಯವರಿಗೆ ಕೇಡು ಮಾಡದ ತಪ್ಪನ್ನು ಮುಚ್ಚಬೇಕು, ಕೇಡಿಗೆ ಹೆಸರಾದವನ ಮೇಲೆ ಪರದೆ ಹಾಕಬಾರದೆಂದು ಸಹೀಹ್ ಮುಸ್ಲಿಮಿನ ವ್ಯಾಖ್ಯಾನದಲ್ಲಿ ಇಮಾಂ ನವವಿ(ರಹ್) ವಿವರಿಸಿದ್ದಾರೆ. ಫಾತಿಮಾ ಬಿಂತ್ ಕೈಸ್(ರ) ತಮಗೆ ಬಂದ ಎರಡು ಮದುವೆಯ ಪ್ರಸ್ತಾಪಗಳ ಬಗ್ಗೆ ಸಲಹೆ ಕೇಳಿದಾಗ ಪ್ರವಾದಿವರ್ಯರು(ಸ) ಒಬ್ಬರ ಬಡತನವನ್ನೂ ಇನ್ನೊಬ್ಬರು ಕೋಲನ್ನು ಹೆಗಲಿನಿಂದ ಇಳಿಸದವರೆಂಬುದನ್ನೂ ತೆರೆದು ಹೇಳಿದರು. ಯಾಕೆಂದರೆ ಮುಚ್ಚಿದ್ದರೆ ಆ ಮಹಿಳೆ ಅದರ ಕೆಳಗೆ ಬಾಳಬೇಕಾಗಿತ್ತು. ಪಶ್ಚಾತ್ತಾಪಪಟ್ಟು ತಿದ್ದಿಕೊಂಡವನ ಹಳೆಯ ತಪ್ಪು ತಿಕ್ಕಿ ಬೆಳ್ಳಗಾದ ತಗಡಿನಂಥದ್ದು. ಅದರ ಮೇಲೆ ಹೊದಿಕೆ ಹಾಕುವುದು ಕರುಣೆ. ಹೆಂಡತಿಯನ್ನು ಹೊಡೆಯುತ್ತಿರುವವನ, ಪಾಲುದಾರನ ಹಣ ತಿನ್ನುತ್ತಿರುವವನ ಮೇಲೆ ಮಾನದ ಹೆಸರಿನಲ್ಲಿ ಹೊದಿಕೆ ಹಾಕುವ ನಮ್ಮ ಮನೆತನಗಳು ತುಕ್ಕಿನ ಮೇಲೆ ಪುಟ್ಟಿ ಎಳೆಯುತ್ತಿವೆ.

ಕುರ್‌ಆನಿನಲ್ಲಿ ಹೃದಯಕ್ಕೆ ಹಿಡಿಯುವ ತುಕ್ಕಿನ ಮಾತು ಬಂದಿರುವುದು ಎಲ್ಲಿ ಎಂದು ನೀವು ಗಮನಿಸಿದ್ದೀರಾ? 83ನೆಯ ಅಧ್ಯಾಯ ಅಲ್ ಮುತಫ್ಫಿಫೀನ್‌ನ 14ನೆಯ ಸೂಕ್ತದಲ್ಲಿ. ಅಳತೆ ತೂಕಗಳಲ್ಲಿ ಮೋಸ ಮಾಡುವವರ ಮೇಲಿನ ಕಠಿಣ ಎಚ್ಚರಿಕೆಯಿಂದ ಆರಂಭವಾಗುವ ಅಧ್ಯಾಯವದು. ಪರಲೋಕವನ್ನು ಸುಳ್ಳೆನ್ನುವವರು ಗಳಿಸಿಕೊಂಡ ಕರ್ಮಗಳೇ ಅವರ ಹೃದಯಗಳ ಮೇಲೆ ತುಕ್ಕಾಗಿ ಕವಿದಿವೆಯೆಂಬ ಮಾತು ಅಂಗಡಿಯ ತಕ್ಕಡಿಯ ಮಾತಿನಿಂದ ಬಹಳ ದೂರದಲ್ಲಿಲ್ಲ. ತಿರ್ಮಿದಿಯ ಹದೀಸ್ ಇದನ್ನು ವಿವರಿಸುತ್ತದೆ: ಪಾಪ ಮಾಡಿದಾಗ ಹೃದಯದಲ್ಲೊಂದು ಕಪ್ಪು ಚುಕ್ಕೆ ಬೀಳುತ್ತದೆ, ಪಶ್ಚಾತ್ತಾಪಪಟ್ಟರೆ ಉಜ್ಜಿ ಹೊಳಪಾಗುತ್ತದೆ, ಮತ್ತೆ ಮಾಡಿದರೆ ಚುಕ್ಕೆ ಬೆಳೆದು ಹೃದಯವನ್ನೆಲ್ಲ ಆವರಿಸುತ್ತದೆ. ನೀರು ತಗುಲಿದ ಕಬ್ಬಿಣದಂತೆ ಹೃದಯಗಳೂ ತುಕ್ಕು ಹಿಡಿಯುತ್ತವೆಂಬ ಇನ್ನೊಂದು ವರದಿ ಉಪದೇಶಗಳಲ್ಲಿ ಪ್ರಸಿದ್ಧವಾಗಿದೆ. ಅದರ ಸನದು ದುರ್ಬಲವೆಂದು ಹದೀಸ್ ವಿದ್ವಾಂಸರು ಹೇಳಿರುವುದರಿಂದ ಅದನ್ನು ನಾನು ಆಧಾರವಾಗಿ ಇಟ್ಟುಕೊಳ್ಳುತ್ತಿಲ್ಲ.

ಒಂದು ಪ್ರಶ್ನೆ ಉಳಿದಿದೆ. ವಾಹನವನ್ನು ಈಗಾಗಲೇ ಮಾರಿಬಿಟ್ಟಿದ್ದರೆ? "ಇದ್ದ ಹಾಗೆ ಮಾರಿದ್ದೇನೆ, ಆಮೇಲಿನದಕ್ಕೆ ನಾನು ಜವಾಬ್ದಾರನಲ್ಲ" ಎಂದು ಮೊದಲೇ ಹೇಳಿದ್ದರೆ ಮುಗಿಯಿತೇ? ಇಮಾಂ ಮಾಲಿಕ್(ರಹ್)ರ ಮುವತ್ತಾದಲ್ಲಿ ಇದಕ್ಕೆ ಹತ್ತಿರದ ಪ್ರಕರಣವಿದೆ. ಅಬ್ದುಲ್ಲಾ ಬಿನ್ ಉಮರ್(ರ) ಯಾವ ಕುಂದಿಗೂ ತಾವು ಹೊಣೆಯಲ್ಲವೆಂಬ ಷರತ್ತಿನ ಮೇಲೆ ಒಬ್ಬ ಗುಲಾಮನನ್ನು 800 ದಿರ್ಹಮಿಗೆ ಮಾರಿದ್ದರು. ಅವನಲ್ಲಿ ರೋಗವಿದ್ದುದನ್ನು ತನಗೆ ಹೇಳಲಿಲ್ಲವೆಂದು ಕೊಂಡವನು ಖಲೀಫ ಉಸ್ಮಾನ್(ರ)ರ ಬಳಿ ದೂರು ಒಯ್ದ. ಮಾರುವಾಗ ರೋಗದ ಅರಿವು ತಮಗಿರಲಿಲ್ಲವೆಂದು ಪ್ರಮಾಣ ಮಾಡುವಂತೆ ಉಸ್ಮಾನ್(ರ) ತೀರ್ಪಿತ್ತರು. ಇಬ್ನ್ ಉಮರ್(ರ) ಪ್ರಮಾಣ ಮಾಡಲೊಪ್ಪದೆ ಅವನನ್ನು ಹಿಂದಕ್ಕೆ ಪಡೆದರು. ಅವನು ಗುಣಮುಖನಾದ ಮೇಲೆ 1500 ದಿರ್ಹಮಿಗೆ ಮಾರಿದರೆಂದೂ ಅಲ್ಲಿದೆ. ಹೊಣೆಯಲ್ಲವೆಂಬ ಷರತ್ತು ಎಷ್ಟರ ಮಟ್ಟಿಗೆ ನಡೆಯುತ್ತದೆಂಬುದರಲ್ಲಿ ಮದ್‌ಹಬ್‌ಗಳ ನಡುವೆ ವ್ಯತ್ಯಾಸವಿದೆ, ನಿಮ್ಮ ಊರಿನ ಆಲಿಮರನ್ನು ಕೇಳಿ ತಿಳಿಯಿರಿ. ಆದರೆ ತುಕ್ಕು ಗೊತ್ತಿದ್ದೂ ಮೇಲೆ ಬಣ್ಣ ಹೊಡೆಸಿ ಮಾರಿದವರು ಆಲಿಮರ ಬಳಿ ಹೋಗುವ ಮೊದಲೇ ಮಾಡಬಹುದಾದ ಕೆಲಸವೊಂದಿದೆ. ಕೊಂಡವರನ್ನು ಕಂಡು ಯಾವ ಬಾಗಿಲಿನಡಿ, ಎಷ್ಟು ತುಕ್ಕಿತ್ತೆಂದು ಹೇಳುವುದು. ಬೆಲೆಯಲ್ಲಿ ಎಷ್ಟು ಬಿಡಬೇಕು, ಅಥವಾ ಗಾಡಿಯನ್ನೇ ಹಿಂದಕ್ಕೆ ಪಡೆಯಬೇಕೋ ಎಂಬುದನ್ನು ಅವರೊಡನೆ ಕುಳಿತು ತೀರ್ಮಾನಿಸುವುದು. ವಿಳಾಸಕ್ಕಾಗಿ ದೂರ ಹೋಗಬೇಕಾಗಿಲ್ಲ. ಹೆಸರು ಬದಲಾವಣೆಗೆಂದು ಆರ್.ಟಿ.ಓ. ಕಚೇರಿಗೆ ಕೊಟ್ಟ 29 ಮತ್ತು 30ನೆಯ ನಮೂನೆಗಳಲ್ಲಿ ಅದು ಬರೆದಿದೆ, ಅವುಗಳ ಪ್ರತಿ ನಿಮ್ಮ ಕಪಾಟಿನಲ್ಲೇ ಇದ್ದೀತು.